ತಿಂದ ತುತ್ತಿನ ಹಿಂದೆ ನೀವೇ ಹೋಗಿ ನೋಡೋದು ಹೇಗೆ

ಜೀರ್ಣಾಂಗದ ಚಿತ್ರ ಸ್ಕೂಲಲ್ಲಿ ಎಲ್ರೂ ಬಿಡಿಸಿರ್ತೀವಿ, ಪರೀಕ್ಷೆ ಮುಗೀತಿದ್ದಂಗೆ ಮರ್ತೂ ಹೋಗಿರುತ್ತೆ. ಚಿತ್ರ ಬಿಡಿ, ನಿಮ್ಮ ಮೈಯಲ್ಲೇ ನೋಡ್ಕೊಂಡು ಹೋಗಿ, ಆಮೇಲೆ ಮರೆಯೋಕೇ ಆಗಲ್ಲ.

ಮೊದ್ಲು ಬಾಯಿ. ಒಂದು ತುಂಡು ಬ್ರೆಡ್ಡು, ಏನೂ ಹಚ್ದೆ ಬಾಯಿಗೆ ಹಾಕ್ಕೊಂಡು ಗಡಿಯಾರ ನೋಡ್ಕೊಂಡು ಪೂರ್ತಿ 1 ನಿಮಿಷ ಅಗೀರಿ, ನುಂಗ್ಬೇಡಿ. ಶುರುವಲ್ಲಿ ಸಪ್ಪೆ, ಆಮೇಲೆ ಅಂಟಂಟು, ಆಮೇಲೆ ನಾಲಿಗೆ ಮೇಲೆ ನಿಧಾನಕ್ಕೆ ಸಿಹಿ ಬರುತ್ತೆ. ಜೊಲ್ಲಲ್ಲಿರೋ ಅಮೈಲೇಸ್ ಅನ್ನೋ ಎಂಜೈಮು ಪಿಷ್ಟಾನ ಒಡೆದು ಸಕ್ಕರೆ ಮಾಡ್ತಿರೋದೇ ಅದು, ಅಂದ್ರೆ ಜೀರ್ಣ ಆಗೋದು ಹೊಟ್ಟೇಲಲ್ಲ, ಬಾಯಲ್ಲೇ ಶುರು. ಇಡೀ ದಾರೀಲಿ ನಮ್ಮ ಕೈಲಿರೋದು ಹೆಚ್ಚುಕಮ್ಮಿ ಇದೊಂದೇ ಕೆಲಸ, ಹೊಟ್ಟೇಲಿ ಹಲ್ಲಿಲ್ಲ, ಅದಕ್ಕೇ ಗಬಗಬ ನುಂಗ್ಬೇಡಿ ಅಂತ ಕೈಮುಗಿದು ಕೇಳ್ತೀನಿ.

ಈಗ ಗಂಟಲಿನ ಉಬ್ಬಿನ ಮೇಲೆ ಎರಡು ಬೆರಳಿಟ್ಟು ನುಂಗಿ. ಅದು ಟಕ್ ಅಂತ ಮೇಲಕ್ಕೆ ಹೋಗಿ ಇಳಿಯುತ್ತಲ್ಲ, ಆ ಗಳಿಗೇಲಿ ಒಳಗಡೆ ಒಂದು ಸಣ್ಣ ಮುಚ್ಚಳ ಶ್ವಾಸನಾಳಾನ ಮುಚ್ಚಿರುತ್ತೆ. ತಿಂತಾ ತಿಂತಾ ಮಾತಾಡಿದ್ರೆ, ನಕ್ಕರೆ ಈ ಲೆಕ್ಕ ತಪ್ಪುತ್ತೆ, ನೆತ್ತಿಗೆ ಹತ್ತೋದು ಅದಕ್ಕೇ.

ಅಲ್ಲಿಂದ ಸುಮಾರು 25 ಸೆಂ.ಮೀ. ಅನ್ನನಾಳ. ತುತ್ತು ಅದರಲ್ಲಿ ಸುಮ್ನೆ ಜಾರಿ ಬೀಳಲ್ಲ, ಸ್ನಾಯುಗಳು ಹಿಂದಿನಿಂದ ಹಿಂಡಿ ತಳ್ತವೆ, ಅದಕ್ಕೇ ಭಾರಾನೇ ಗೊತ್ತಾಗದ ಬಾಹ್ಯಾಕಾಶದಲ್ಲೂ ಊಟ ಮಾಡೋಕಾಗೋದು.

ಜಠರದೊಳಗೆ ಇಣುಕೋಕೆ ನಮಗಾಗಲ್ಲ, ಆದ್ರೆ ಒಬ್ಬರು ಇಣುಕಿದ್ರು. 1822ರಲ್ಲಿ ಅಮೆರಿಕದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಅನ್ನೋ ಕೂಲಿ ಹುಡುಗನಿಗೆ ಗುಂಡು ತಗುಲಿ, ಗಾಯ ಮಾಯ್ದರೂ ಜಠರಕ್ಕೊಂದು ತೂತು ಉಳ್ಕೊಂಡ್ಬಿಡ್ತು. ಡಾಕ್ಟರ್ ವಿಲಿಯಂ ಬ್ಯೂಮಾಂಟ್ ರೇಷ್ಮೆ ದಾರಕ್ಕೆ ಆಹಾರದ ತುಂಡು ಕಟ್ಟಿ ಆ ತೂತಲ್ಲಿ ಇಳಿಬಿಟ್ಟು, ಆಗಾಗ ಎಳೆದು ಎಷ್ಟು ಕರಗಿದೆ ಅಂತ ನೋಡ್ತಿದ್ರು. ಪಾಪ ಆ ಹುಡುಗ ಎಷ್ಟು ಸಹಿಸ್ಕೊಂಡನೋ, ಜಠರದ ಆಮ್ಲ ಹೇಗೆ ಕೆಲಸ ಮಾಡುತ್ತೆ ಅನ್ನೋದು ಜನಕ್ಕೆ ತಿಳಿದಿದ್ದು ಅವನಿಂದ. ಸಾಮಾನ್ಯ ಊಟ ಇಲ್ಲಿ 2ರಿಂದ 4 ಗಂಟೆ ಕಡೆದು ಗಂಜಿ ತರ ಆಗುತ್ತೆ, ಎಣ್ಣೆ ಕೊಬ್ಬು ಜಾಸ್ತಿ ಇದ್ರೆ ಇನ್ನೂ ತಡ.

ಮುಂದಕ್ಕೆ 6 ಮೀಟರ್ ಹಗ್ಗ ತಗೊಂಡು ನೆಲದ ಮೇಲೆ ಉದ್ದಕ್ಕೆ ಹಾಸಿ, ಸಣ್ಣ ಕರುಳು ಸುಮಾರು ಅಷ್ಟುದ್ದ. ಲಿವರಿನ ಪಿತ್ತರಸ, ಪ್ಯಾಂಕ್ರಿಯಾಸಿನ ರಸ ಬಂದು ಸೇರೋದು ಇದರ ಶುರುವಲ್ಲೇ, ತಿಂದಿದ್ದರ ಸತ್ವ ಬಹುಪಾಲು ರಕ್ತಕ್ಕೆ ಹೋಗೋದೂ ಇಲ್ಲೇ. ಮಿಕ್ಕಿದ್ದು ದೊಡ್ಡ ಕರುಳಿಗೆ, ಅದು ಸುಮಾರು 1.5 ಮೀಟರ್, ನೀರು ಹೀರ್ಕೊಂಡು ಗಟ್ಟಿ ಮಾಡುತ್ತೆ.

ಒಟ್ಟು ಎಷ್ಟು ಹೊತ್ತು ಅಂತ ತಿಳೀಬೇಕಾ? ಬೇಯಿಸಿದ ಮೆಕ್ಕೆಜೋಳ ತಿಂದು ಟೈಮ್ ಬರೆದಿಡಿ, ದೊಡ್ಡೋರಾದ್ರೆ ಇದೊಂದ್ಸಲ ಮಾತ್ರ ನಾಲ್ಕೈದು ಕಾಳು ಅಗೀದೆ ನುಂಗಿ. ಕಾಳಿನ ಸಿಪ್ಪೆ ನಮಗೆ ಅರಗಲ್ಲ, ಹಂಗೇ ಹೊರಗೆ ಬರುತ್ತೆ. 1ರಿಂದ 3 ದಿನದೊಳಗೆ ಕಾಣಿಸಿದ್ರೆ ಸಾಮಾನ್ಯ. ಹಿಂದುಮುಂದಿನ ದಿನ ಬೀಟ್‌ರೂಟ್ ತಿನ್ಬೇಡಿ, ಕೆಂಪು ನೋಡಿ ಗಾಬರಿ ಆಗ್ತೀರ. ಬೀಟ್‌ರೂಟ್ ತಿನ್ನದೇನೂ ಕೆಂಪು ಕಂಡ್ರೆ ಮಾತ್ರ ತಡ ಮಾಡ್ದೆ ಡಾಕ್ಟರಿಗೆ ತೋರಿಸ್ಕೊಳ್ಳಿ.