ಹುಳು ಮನೆ ತಾರಸಿ ಮೇಲೆ ಕಡ್ಡಿ ಪರೀಕ್ಷೆ

ಬೋರ್‌ವೆಲ್ ಎಲ್ಲಿ ಕೊರೆಯಬೇಕು ಅಂತ ಪಾಯಿಂಟ್ ಮಾಡುವವರಿಗೆ ಎಲ್ ಕಡ್ಡಿ ಹಿಡಿಯುವುದನ್ನು ನಾನು ಹೇಳಿಕೊಡಬೇಕಿಲ್ಲ. ಎಲ್ ಆಕಾರಕ್ಕೆ ಬಗ್ಗಿಸಿದ ಎರಡು ಕಂಬಿ, ಕೆಳಗೆ ನೀರಿದ್ದರೆ ತಾವೇ ತಿರುಗಿ ಕೂಡಿಕೊಳ್ಳುತ್ತವೆ ಅನ್ನುವ ನಂಬಿಕೆ. ಆ ಕಡ್ಡಿಯನ್ನು ಮನೆಯಲ್ಲೇ, ಯಾರೂ ಸುಳಿವು ಕೊಡಲಾಗದ ಹಾಗೆ ಪರೀಕ್ಷೆ ಮಾಡಿದ್ದನ್ನು ಬರೆಯುತ್ತಿದ್ದೇನೆ. "ಅದಕ್ಕೆಲ್ಲ ಲ್ಯಾಬ್ ಬೇಕು, ನಿಂಗ್ಯಾಕಣ್ಣ" ಅಂದವರೇ ಜಾಸ್ತಿ. ಆಯ್ತು ನೋಡಿ, ಮಾಡಿ ಮುಗಿಸಿದೆ.

ಐಡಿಯಾ ಜರ್ಮನಿಯದು. 1987-88ರಲ್ಲಿ ಮ್ಯೂನಿಕ್ ಕಡೆ ಎರಡು ಅಂತಸ್ತಿನ ಕೊಟ್ಟಿಗೆಯಲ್ಲಿ ಮಾಡಿದ್ದರು. ಕೆಳಗೆ ಗಾಡಿ ಮೇಲೆ ನೀರಿನ ಪೈಪು, ಮೇಲೆ 10 ಮೀಟರ್ ಗೆರೆ, ಪೈಪು ಎಲ್ಲಿದೆ ಅಂತ ಮೇಲಿನವನು ಹೇಳಬೇಕು. ಸುಮಾರು 500 ಜನರಲ್ಲಿ ಆರಿಸಿದ 43 ಮಂದಿ, 843 ಸಲ. ನಡೆಸಿದ ಬೆಟ್ಜ್ ಅವರು ಕೆಲವರಿಗೆ ನಿಜವಾಗಿ ಗೊತ್ತಾಗುತ್ತದೆ ಅಂದರು. 1999ರಲ್ಲಿ ಎನ್‌ರೈಟ್ ಅನ್ನುವವರು ಅದೇ ಅಂಕಿಗಳನ್ನು ತಿರುಗಿ ಲೆಕ್ಕ ಹಾಕಿ, ಬರೀ ಅದೃಷ್ಟ ಅಂದರು. ಇಬ್ಬರ ಜಗಳ ನಮಗ್ಯಾಕೆ, ನಮ್ಮ ರೇಷ್ಮೆ ಹುಳು ಮನೆಗೆ 30 ಅಡಿ ಆರ್‌ಸಿಸಿ ತಾರಸಿ ಇದೆ, ಬೆಳೆ ಇಲ್ಲದಾಗ ಖಾಲಿ ಬಿದ್ದಿರುತ್ತದೆ.

ಕೆಳಗೆ ಗಾಡಿ ಮೇಲೆ ಪೈಪು, ಅದಕ್ಕೆ ನೀರು ಹರಿಸಲು ಮೋಟರ್, ಗಾಡಿ ತಳ್ಳಲು ತಮ್ಮ, ತಾರಸಿ ಮೇಲೆ ಕಡ್ಡಿ ಹಿಡಿದು ನಾನು. ಮೊದಲು ಮೋಟರ್ ಕೈಕೊಟ್ಟಿತು. ನೀರು ಹರಿಯುವ ಜಾಗ ಕಾಲಿಗೇ ಗೊತ್ತಾಗುತ್ತಿತ್ತು, ಅಷ್ಟು ನಡುಕ. ಮೋಟರನ್ನು ಹೊರಗೆ ಟಯರ್ ಮೇಲೆ ಕೂರಿಸಿದೆ. ಆಮೇಲೆ ಗಾಡಿ ಚಕ್ರದ ಸದ್ದು. ಎಲ್ಲಿ ನಿಂತಿತು ಅಂತ ಮೇಲೆ ಕೇಳುತ್ತಿತ್ತು. ಅದಕ್ಕೆ ಗಾಡಿ ತಳ್ಳುವಾಗ ನಾನು ಬೇಲಿ ಆಚೆ ರೇಡಿಯೋ ಹಾಕಿಕೊಂಡು ಕೂತೆ. ಎಲ್ಲಕ್ಕಿಂತ ಸತಾಯಿಸಿದ್ದು ತಮ್ಮನ ದನಿ. ಗಾಡಿ ಪಕ್ಕ ನಿಂತೇ "ಆಯ್ತು" ಅಂತ ಕೂಗುತ್ತಿದ್ದ, ದನಿ ಬಂದ ಕಡೆಗೇ ನನ್ನ ಕಡ್ಡಿ ಆಹಾ ಅಂತ ತಿರುಗುತ್ತಿತ್ತು! ಆ ವಾರದ ಲೆಕ್ಕ ಪೂರ್ತಿ ಹರಿದು ಹಾಕಿದೆ. ಕೊನೆಗೆ ಅವನು ಜಾಗದ ಚೀಟಿ ಎತ್ತಿ, ಅದರಲ್ಲಿ ಬಂದ ಕಡೆ ಗಾಡಿ ನಿಲ್ಲಿಸಿ, ಹೊರಗೆ ಹೋಗಿ, ಮಿಸ್ಡ್ ಕಾಲ್ ಕೊಟ್ಟು, ನಾನು ಹೇಳಿ ಮುಗಿಸುವವರೆಗೆ ಮುಖವನ್ನೇ ತೋರಿಸಬಾರದು ಅಂತ ಮಾಡಿದ ಮೇಲೆ ಸರಿಹೋಯಿತು.

ಖರ್ಚು ಹದಿಮೂರು ಸಾವಿರದ ಹತ್ತಿರ. ಅರ್ಧಕ್ಕಿಂತ ಜಾಸ್ತಿ ಮೋಟರಿಗೇ ಹೋಯಿತು. ಪ್ಲಾಸ್ಟಿಕ್ ವಾಲ್ವ್ ಎರಡು ಸಲ ಸೋರಿತು, ತಾರಸಿ ಕೆಳಗೆಲ್ಲ ತೇವ. ದಂಡ ಅಂತ ಮನೆಯವಳು ಅಂದಳು. ನಮ್ಮ ಕೋಲಾರ ಕಡೆ ಸಾವಿರ ಅಡಿ ಒಣ ಬೋರ್ ಒಂದಕ್ಕೆ ಕೇಸಿಂಗ್ ಸೇರಿ ಎರಡು ಲಕ್ಷ ಹೋಗುತ್ತದೆ, ಅದಕ್ಕಿಂತ ಇದು ಅಗ್ಗ ಅಲ್ವಾ?

ಫಲಿತಾಂಶಕ್ಕೆ ಬರೋಣ. ಕಡ್ಡಿ ಪ್ರತಿ ಸಲ ತಿರುಗಿತು. ಪೈಪಿನ ಮೇಲೆ ಅಲ್ಲ. 30 ಅಡಿಯಲ್ಲಿ ಯಾವಾಗಲೂ ನಡುವೆ ನಿಂತು "ಇಲ್ಲೇ" ಅಂದರೂ ಸರಾಸರಿ ತಪ್ಪು ಏಳೂವರೆ ಅಡಿ, ಕಣ್ಣು ಮುಚ್ಚಿ ಎಲ್ಲೆಂದರಲ್ಲಿ ತೋರಿಸಿದರೆ 10 ಅಡಿ. ನನ್ನದು ಒಂಬತ್ತೂವರೆ ಆಸುಪಾಸು ಬಂತು. ನೂರಾರು ಪಾಯಿಂಟ್ ಕೊಟ್ಟ ಇಬ್ಬರು ಹಿರಿಯರನ್ನೂ ಕರೆದು ನಡೆಸಿದೆ, ಅವರೂ ಅಲ್ಲೇ. ಒಬ್ಬರು "ಕಾಂಕ್ರೀಟ್ ಮೇಲೆ ಶಕ್ತಿ ಬರಲ್ಲ" ಅಂದರು. ಆದರೆ ಶುರುವಿಗೆ ಪೈಪು ಎಲ್ಲಿದೆ ಅಂತ ಹೇಳಿಯೇ ನಡೆಸಿದ್ದೆ, ಆಗ ಅವರ ಕಡ್ಡಿ ಸರಿಯಾಗಿ ಅದೇ ಜಾಗದಲ್ಲಿ ಕೂಡಿಕೊಂಡಿತ್ತು, ಅದೇ ಕಾಂಕ್ರೀಟ್ ಮೇಲೆ.

ನಡುವೆ ಲೋಲಕಕ್ಕೂ, ಅಂದರೆ ದಾರಕ್ಕೆ ಕಟ್ಟಿ ತೂಗುಬಿಡುವ ಗುಂಡಿಗೂ, ಕೈ ಹಾಕಿದೆ. ವಾಸ್ತು ನೋಡುವ ಗೆಳೆಯ ಅದನ್ನು ಆಡಿಸಿ, ಬೋವಿಸ್ ಸ್ಕೇಲ್ ಅನ್ನುವ "ಶಕ್ತಿ" ಅಳೆಯುವ ಪಟ್ಟಿಯಲ್ಲಿ ದೇವರ ಮನೆಯ ನೀರಿಗೆ ಜಾಸ್ತಿ, ಬಚ್ಚಲ ನೀರಿಗೆ ಕಡಿಮೆ ಅಂತ ಅಳೆಯುತ್ತಾನೆ. ಒಂದೇ ತರದ ಬಾಟಲಿ, ಗುರುತು ಅಡಿಯಲ್ಲಿ, ಹೆಂಡತಿ ಬಾಟಲಿಗಳನ್ನು ಹಿಂದುಮುಂದು ಮಾಡಿ ಇಟ್ಟಳು. ಒಂದೇ ಬಾಟಲಿಗೆ ಬೆಳಿಗ್ಗೆ ಒಂದು ಅಂಕಿ, ಸಂಜೆ ಇನ್ನೊಂದು. ಫ್ರಾನ್ಸಿನ ಶೆವ್ರಲ್ 1833ರಲ್ಲೇ ಕಣ್ಣು ಕಟ್ಟಿಕೊಂಡು ಲೋಲಕ ಹಿಡಿದು, ಆಡಿಸುವುದು ಗೊತ್ತಿಲ್ಲದೆ ಮಿಸುಕುವ ನಮ್ಮ ಕೈಯೇ ಅಂತ ಬರೆದಿದ್ದರು. ನೀರಿದ್ದ ಕಡೆ ಅಂಗೈ ಮೇಲಿನ ತೆಂಗಿನಕಾಯಿ ತಾನೇ ಎದ್ದು ನಿಲ್ಲುತ್ತದೆ ಅನ್ನುತ್ತಾರಲ್ಲ, ಅದನ್ನು ನಿಲ್ಲಿಸುವುದನ್ನೂ ಕಲಿತೆ, ನೀರಿಲ್ಲದ ಕಡೆಯೂ ನಿಲ್ಲಿಸುತ್ತೇನೆ. ಹೇಗೆ ಅಂತ ಇಲ್ಲಿ ಬರೆಯಲ್ಲ, ಅದರಲ್ಲಿ ಅನ್ನ ತಿನ್ನುವವರಿದ್ದಾರೆ.

ಈಗ ಪಾಯಿಂಟ್ ಮಾಡಲು ಯಾರದಾದರೂ ಹೊಲಕ್ಕೆ ಹೋದರೆ ಕಡ್ಡಿ ಬೈಕಿನಲ್ಲೇ ಇರುತ್ತದೆ. ಬಂಡೆ ಸೀಳು, ಅಕ್ಕಪಕ್ಕದ ಬೋರ್‌ಗಳ ಆಳ, ಹಳೇ ಹಳ್ಳದ ಜಾಡು ನೋಡುತ್ತೇನೆ. ದುಡ್ಡಿರುವವರಿಗೆ, ನೆಲಕ್ಕೆ ಕರೆಂಟ್ ಹಾಯಿಸಿ ಒಳಗಿನ ನೀರಿನ ಸುಳಿವು ನೋಡುವ ರೆಸಿಸ್ಟಿವಿಟಿ ಮಷೀನ್ ಹಾಕಿಸಿ ಅನ್ನುತ್ತೇನೆ. ಹಳೇ ಗಿರಾಕಿಗಳು ಕೆಲವರು ಬಿಟ್ಟು ಹೋದರು, ಬೇರೆಯವರು ಬಂದರು.

ನೀವೂ ಮಾಡುವುದಾದರೆ ಹಿತ್ತಾಳೆ ವಾಲ್ವ್ ತಗೊಳ್ಳಿ. ದಿನಕ್ಕೆ ಇಪ್ಪತ್ತು ಸಲಕ್ಕಿಂತ ಜಾಸ್ತಿ ಬೇಡ, ಕೈ ಸೋಲುತ್ತದೆ. ಚೀಟಿ ಎತ್ತುವವನಿಗೆ ಮಾತು ಕಡಿಮೆ ಇರಲಿ.