ಡಿಗ್ರಿ ಮೂರನೇ ವರ್ಷದಲ್ಲಿ ಮನಸ್ಸು ಬ್ಯುಸಿನೆಸ್ ಕಡೆ ವಾಲಿದ್ರೆ ಏನ್ ಮಾಡ್ಬೇಕು?

ಐದನೇ ಸೆಮಿಸ್ಟರ್ ಹೊತ್ತಿಗೆ ತುಂಬಾ ಮಕ್ಕಳಿಗೆ ಒಂದು ವಿಷ್ಯ ಖಾತ್ರಿ ಆಗಿರತ್ತೆ, ಈ ಮೆಕ್ಯಾನಿಕಲ್ಲೋ ಬಾಟನಿಯೋ ನಂಗಲ್ಲ, ನಾನು ಬ್ಯುಸಿನೆಸ್ ಕಡೆನೇ ಹೋಗ್ಬೇಕು ಅಂತ. ಆದ್ರೆ ಮನೇಲಿ ಹೇಳೋಕೆ ಭಯ, ಕಾಲೇಜಲ್ಲಿ ಯಾರನ್ನ ಕೇಳೋದು ಗೊತ್ತಿರಲ್ಲ, ಹಾಗೇ ಒಳಗೊಳಗೇ ಕೊರಗ್ತಾ ಕ್ಲಾಸ್‌ಗೆ ಹೋಗೋದನ್ನೇ ನಿಲ್ಲಿಸಿಬಿಡ್ತಾರೆ. ದಯವಿಟ್ಟು ಹಂಗೆ ಮಾಡ್ಬೇಡಿ, ದಾರಿ ಇದೆ.

ಮೊದ್ಲು ನಮ್ಮಲ್ಲಿ ಏನು ಸಾಧ್ಯ, ಏನಿಲ್ಲ ತಿಳ್ಕೊಳ್ಳಿ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿವಿ) ಕೆಳಗಿನ ಕಾಲೇಜಲ್ಲಿ ಬ್ರಾಂಚ್ ಬದಲಾಯಿಸೋಕೆ ಅವಕಾಶ ಇರೋದು ಎರಡನೇ ವರ್ಷದ ಶುರುವಲ್ಲಿ, ಅದೂ ಸೀಟ್ ಖಾಲಿ ಇದ್ರೆ, ಅದೂ ಬಿಇ ಒಳಗೇ. ಬಿಇಯಿಂದ ಬಿಬಿಎಗೆ, ಬಿಎಸ್ಸಿಯಿಂದ ಬಿಕಾಂಗೆ ಹೋಗೋದು ಬದಲಾವಣೆ ಅಲ್ಲ, ಹೊಸ ಅಡ್ಮಿಷನ್ನೇ, ಅಂದ್ರೆ ವಾಪಸ್ ಒಂದನೇ ಸೆಮಿಸ್ಟರ್. ಪಾಸಾದ ವಿಷಯಗಳ ಕ್ರೆಡಿಟ್ಟನ್ನ ಕೂಡಿಟ್ಟು ಬೇರೆ ಕಡೆ ಬಳಸ್ಕೊಳ್ಳೋ ಕ್ರೆಡಿಟ್ ಬ್ಯಾಂಕ್ ಅಂತ ಯುಜಿಸಿ (ವಿವಿಗಳಿಗೆ ನಿಯಮ ಮಾಡೋ ಕೇಂದ್ರದ ಆಯೋಗ) 2021ರಲ್ಲೇ ತಂದಿದೆ ನಿಜ, ಆದ್ರೆ ಥರ್ಮೋಡೈನಾಮಿಕ್ಸ್‌ನ ಕ್ರೆಡಿಟ್ ತಗೊಂಡೋಗಿ ಕಾಸ್ಟ್ ಅಕೌಂಟಿಂಗ್ ಜಾಗದಲ್ಲಿ ಕೂರ್ಸೋಕೆ ಆಗಲ್ಲ.

ಎರಡನೇದು, ಬ್ಯುಸಿನೆಸ್ ಅಂದ್ರೆ ನಿಮ್ಮ ಮನಸ್ಸಲ್ಲಿ ಏನಿದೆ? ಕಂಪನಿಯಲ್ಲಿ ಮ್ಯಾನೇಜರ್ ಕೆಲ್ಸಾನಾ, ಲೆಕ್ಕಪತ್ರ ಫೈನಾನ್ಸಾ, ಸ್ವಂತ ವ್ಯವಹಾರಾನಾ? ಮೂರೂ ಬೇರೆ ಬೇರೆ ದಾರಿ. ಇದಕ್ಕೆ ಉತ್ತರ ಯೂಟ್ಯೂಬಲ್ಲಿ ಸಿಗಲ್ಲ. ರಜೆಯಲ್ಲಿ ಪರಿಚಯದವರ ಹೋಲ್‌ಸೇಲ್ ಅಂಗಡಿಯಲ್ಲೋ, ಆಡಿಟರ್ ಆಫೀಸಲ್ಲೋ, ಎಪಿಎಂಸಿ ಮಂಡಿಯಲ್ಲೋ ಕೂತ್ಕೊಳ್ಳಿ, ಸಂಬಳ ಕೇಳ್ಬೇಡಿ, ಕೆಲ್ಸ ಕೇಳಿ. ಸ್ಟಾಕ್ ಬರೆಯೋದು, ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರಲ್ಲಿ ಎಂಟ್ರಿ ಹಾಕೋದು, ಜಿಎಸ್‌ಟಿ ಬಿಲ್ ಹೊಂದಿಸೋದು, ಎಲ್ಲಕ್ಕಿಂತ ಹೆಚ್ಚಾಗಿ ಉದ್ರಿ ವಸೂಲಿಗೆ ಫೋನ್ ಮಾಡೋದು. ಇದೆಲ್ಲ ಮಾಡಿದ ಮೇಲೂ ಬೆಳಿಗ್ಗೆ ಎದ್ದು ಅಲ್ಲಿಗೆ ಹೋಗ್ಬೇಕು ಅನ್ಸಿದ್ರೆ ನಿಮ್ಮ ಆಸೆ ನಿಜವಾದ್ದೇ. ಸುಮ್ನೆ ಮ್ಯಾಥ್ಸ್ ಮೂರು ಬ್ಯಾಕ್ (ಫೇಲಾದ ಪೇಪರ್) ಉಳಿದಿದೆ ಅಂತ ಬ್ಯುಸಿನೆಸ್ ನೆನಪಾಗಿದ್ರೆ ಅದೂ ಅಲ್ಲೇ ಗೊತ್ತಾಗತ್ತೆ.

ಆಮೇಲೆ ಹಾಳೆ ತಗೊಂಡು ಲೆಕ್ಕ ಹಾಕಿ. ಬಿಇ ಐದನೇ ಸೆಮ್ ಮುಗಿದಿದೆ ಅಂದ್ಕೊಳ್ಳಿ, ಉಳಿದಿರೋದು ಮೂರು ಸೆಮ್, ಮೇಲೆ ಎಂಬಿಎ ಎರಡು ವರ್ಷ, ಒಟ್ಟು ಮೂರೂವರೆ ವರ್ಷ. ಈಗ್ಲೇ ಬಿಟ್ಟು ಬಿಬಿಎ ಸೇರಿದ್ರೆ ಮೂರು ವರ್ಷ, ಅದರ ಮೇಲೆ ಎಂಬಿಎ ಎರಡು, ಒಟ್ಟು ಐದು ವರ್ಷ, ಜೊತೆಗೆ ಹೊಸ ಅಡ್ಮಿಷನ್ ಶುರುವಾಗೋ ತನಕ ಕಾಯೋದು ಬೇರೆ. ದುಡ್ಡಿನ ವಿಷ್ಯಾನೂ ಬರೀರಿ. ಮಧ್ಯದಲ್ಲಿ ಬಿಡೋರ ಹತ್ರ ಉಳಿದ ವರ್ಷಗಳ ಫೀಸ್ ಕೇಳೋ ಕಾಲೇಜುಗಳಿವೆ, ಒಂದೇ ಹಂತದ ಇನ್ನೊಂದು ಡಿಗ್ರಿಗೆ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ ಸಿಗದೇ ಹೋಗ್ಬಹುದು, ಹಾಗಾಗಿ ಟಿಸಿಗೆ ಅರ್ಜಿ ಕೊಡೋಕೆ ಮುಂಚೆ ಇವೆರಡನ್ನೂ ಆಫೀಸಲ್ಲಿ ಕೇಳಿ. ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ, ಪಾಸಾಗೋ ಸ್ಥಿತಿಯಲ್ಲಿ ಇದ್ರೆ ಡಿಗ್ರಿ ಮುಗಿಸಿ. ಬ್ಯಾಕ್‌ಗಳು ರಾಶಿ ಬಿದ್ದು ಮೇಲೇಳೋಕೇ ಆಗ್ತಿಲ್ಲ, ಆರೋಗ್ಯ ಕೆಡ್ತಿದೆ ಅನ್ನೋ ಹಾಗಿದ್ರೆ ಮಾತ್ರ ಬಿಡೋದು ಸರಿ, ಅದ್ರಲ್ಲಿ ನಾಚ್ಕೊಳ್ಳೋದು ಏನೂ ಇಲ್ಲ.

ಕಿರಣ್ ಮಜುಂದಾರ್ ಶಾ ಬೆಂಗಳೂರಲ್ಲಿ ಓದಿದ್ದು ಪ್ರಾಣಿಶಾಸ್ತ್ರ, ಆಮೇಲೆ ಆಸ್ಟ್ರೇಲಿಯಾಕ್ಕೆ ಹೋಗಿ ಬಿಯರ್ ತಯಾರಿಕೆ ಕಲಿತ್ರು, 1978ರಲ್ಲಿ ಬಯೋಕಾನ್ ಅನ್ನೋ ಬಯೋಟೆಕ್ ಕಂಪನಿ ಶುರು ಮಾಡಿದ್ರು. ಬಿಕಾಂ ಅಲ್ಲ, ಎಂಬಿಎನೂ ಅಲ್ಲ, ಓದಿದ ವಿಜ್ಞಾನವೇ ಅವ್ರ ವ್ಯವಹಾರಕ್ಕೆ ಬಂಡವಾಳ ಆಯ್ತು. ನಿಮ್ಮ ಕೆಮಿಸ್ಟ್ರಿ, ಸಿವಿಲ್, ಅಗ್ರಿಕಲ್ಚರ್ ಯಾವ ವ್ಯಾಪಾರಕ್ಕೆ ಬೇಕು ಅಂತ ಒಂದ್ಸಲ ಆ ಕಡೆಯಿಂದ ನೋಡಿ.

ಉಳಿದ ಸೆಮಿಸ್ಟರ್‌ಗಳನ್ನ ತಿರುಗಿಸಿಕೊಳ್ಳೋದು ನಾಲ್ಕನೇ ಕೆಲ್ಸ. ಓಪನ್ ಎಲೆಕ್ಟಿವ್‌ನಲ್ಲಿ (ಬೇರೆ ವಿಭಾಗದ ವಿಷ್ಯ ಆರಿಸ್ಕೊಳ್ಳೋ ಪೇಪರ್) ಮ್ಯಾನೇಜ್ಮೆಂಟ್ ವಿಷ್ಯ ಇದ್ರೆ ಅದನ್ನೇ ತಗೊಳ್ಳಿ, ಇಂಟರ್ನ್‌ಶಿಪ್ಪನ್ನ ಸೇಲ್ಸ್, ಪರ್ಚೇಸ್ ಅಥವಾ ಪ್ಲಾನಿಂಗ್ ವಿಭಾಗದಲ್ಲಿ ಕೇಳಿ ನೋಡಿ. ಕೇಂದ್ರ ಸರ್ಕಾರದ ಆನ್‌ಲೈನ್ ಪಾಠದ ಸ್ವಯಂ ಪೋರ್ಟಲ್‌ನಲ್ಲಿ ಐಐಎಂ ಬೆಂಗಳೂರಿನ ಮೇಷ್ಟ್ರುಗಳ ಪಾಠ ಪುಕ್ಕಟೆ ಸಿಗತ್ತೆ, ಸರ್ಟಿಫಿಕೇಟ್ ಪರೀಕ್ಷೆಗೆ ಮಾತ್ರ ಫೀಸ್. ಇನ್ನೊಂದು, 2022ರಿಂದ ಯುಜಿಸಿ ಏಕಕಾಲಕ್ಕೆ ಎರಡು ಡಿಗ್ರಿ ಓದೋಕೆ ಒಪ್ಪಿದೆ, ಅಂದ್ರೆ ಕಾಲೇಜಿನ ಬಿಎಸ್ಸಿ ಜೊತೆಗೆ ಮೈಸೂರಿನ ಮುಕ್ತ ವಿವಿಯಲ್ಲೋ ಇಗ್ನೋದಲ್ಲೋ ಬಿಕಾಂ ಕಟ್ಟಬಹುದು, ನಿಮ್ಮ ವಿವಿ ಒಪ್ಪುತ್ತಾ ಮೊದ್ಲೇ ವಿಚಾರಿಸಿ. ಯಾವುದೇ ದೂರಶಿಕ್ಷಣ ಕೋರ್ಸ್ ಸೇರೋ ಮುಂಚೆ ಆ ವರ್ಷಕ್ಕೆ ಯುಜಿಸಿ ಮಾನ್ಯತೆ ಇದೆಯಾ ಅಂತ ಕಣ್ಣಾರೆ ನೋಡಿ, ಮಾನ್ಯತೆ ಇಲ್ಲದ ವರ್ಷದಲ್ಲಿ ಸೇರಿ ಒದ್ದಾಡಿದ ಮಕ್ಕಳು ನಮ್ಮ ರಾಜ್ಯದಲ್ಲೇ ಬೇಕಾದಷ್ಟು ಜನ ಇದ್ದಾರೆ.

ಮನೇಲಿ ಮಾತಾಡೋದು ಇಷ್ಟೆಲ್ಲ ಆದ್ಮೇಲೆ. ಬರೀ "ನಂಗೆ ಇಷ್ಟ ಇಲ್ಲ" ಅಂದ್ರೆ ಅಪ್ಪನಿಗೆ ಕಟ್ಟಿದ ಫೀಸೇ ಕಣ್ಮುಂದೆ ಬರತ್ತೆ. ಆ ಹಾಳೆ ಇಟ್ಟು, ಡಿಗ್ರಿ ಮುಗಿಸ್ತೀನಿ, ಆಮೇಲೆ ಇಂಥ ಪರೀಕ್ಷೆ ಬರೀತೀನಿ, ಇಷ್ಟು ಖರ್ಚು ಅಂತ ಹೇಳಿ. ಮೊದಲ ದಿನ ಬೈದ್ರೂ ಎರಡು ದಿನ ಬಿಟ್ಟು ಅವ್ರೇ ಕೇಳ್ತಾರೆ.

ಕೊನೇದು ಪರೀಕ್ಷೆಗಳು. ಎಂಬಿಎಗೆ ಕಾಮರ್ಸ್ ಓದಿರ್ಬೇಕು ಅಂತ ಎಲ್ಲೂ ಇಲ್ಲ, ಯಾವ ಡಿಗ್ರಿ ಆದ್ರೂ 50% ಸಾಕು. ಕೆಇಎ (ರಾಜ್ಯದ ಪರೀಕ್ಷಾ ಪ್ರಾಧಿಕಾರ) ನಡೆಸೋ ಪಿಜಿಸಿಇಟಿ ಪ್ರವೇಶ ಪರೀಕ್ಷೆಯಲ್ಲಿ ಎಸ್‌ಸಿ, ಎಸ್‌ಟಿ, ಪ್ರವರ್ಗ 1ಕ್ಕೆ 45%. ಕಡಿಮೆ ಫೀಸಿನ ಸರ್ಕಾರಿ ಕೋಟಾ ಸೀಟ್ ಬೇಕು ಅಂದ್ರೆ ಇದೇ ದಾರಿ. ಐಐಎಂಗಳಿಗೆ ಸೇರೋಕೆ ಬರೆಯೋ ಕ್ಯಾಟ್ ಸಾಮಾನ್ಯವಾಗಿ ನವೆಂಬರ್ ಕೊನೇಲಿ, ಅರ್ಜಿ ಆಗಸ್ಟ್ ಸೆಪ್ಟೆಂಬರ್‌ನಲ್ಲೇ ಮುಗಿದಿರತ್ತೆ, ಕೊನೇ ವರ್ಷದವ್ರೂ ಬರೀಬಹುದು. ಐಐಎಂ ಬೆಂಗಳೂರು ಹತ್ತನೇ ಕ್ಲಾಸು, ಪಿಯುಸಿ, ಡಿಗ್ರಿ ಮಾರ್ಕ್ಸನ್ನೂ ಲೆಕ್ಕಕ್ಕೆ ತಗೊಳ್ಳತ್ತೆ, ಅದಕ್ಕೇ ಇಷ್ಟ ಇಲ್ಲದ ಡಿಗ್ರಿ ಅಂತ ಹೇಗೋ ಪಾಸಾದ್ರೆ ಸಾಕು ಅಂದ್ಕೋಬೇಡಿ. ಲೆಕ್ಕಪತ್ರದ ಕಡೆ ಒಲವಿದ್ರೆ ಸಿಎ ಇದೆ, ಕಾಮರ್ಸ್ ಅಲ್ಲದ ಪದವೀಧರರಿಗೆ 60% ಇದ್ರೆ ಮೊದಲ ಹಂತದ ಫೌಂಡೇಷನ್ ಪರೀಕ್ಷೆ ಬರೀದೇ ನೇರ ಇಂಟರ್‌ಮೀಡಿಯೆಟ್‌ಗೆ ಹೋಗಬಹುದು, ಕೊನೇ ವರ್ಷದಲ್ಲೇ ತಾತ್ಕಾಲಿಕ ನೋಂದಣಿನೂ ಮಾಡಿಸಬಹುದು. ಅರ್ಜಿ ಹಾಕೋ ವಾರದಲ್ಲಿ ಓಡಾಡೋ ಬದ್ಲು ಜಾತಿ ಆದಾಯ ಪ್ರಮಾಣಪತ್ರ, ಎಲ್ಲಾ ಸೆಮಿಸ್ಟರ್‌ಗಳ ಅಂಕಪಟ್ಟಿ ಈಗ್ಲೇ ಒಂದು ಫೈಲಲ್ಲಿ ಹಾಕಿಟ್ಕೊಳ್ಳಿ, ಹೆಸರಿನ ಸ್ಪೆಲ್ಲಿಂಗ್ ಹತ್ತನೇ ಕ್ಲಾಸಿನ ಅಂಕಪಟ್ಟಿಯಲ್ಲೂ ಆಧಾರಲ್ಲೂ ಒಂದೇ ಥರ ಇದೆಯಾ ಅಂತಲೂ ನೋಡ್ಕೊಳ್ಳಿ.