ಹಳದಿ ರತ್ನಗಂಧಿಯ ಬೀಜಕ್ಕೆ ಸಾಣೆಕಲ್ಲು
ಕೆಂಪು-ಕಿತ್ತಳೆ ರತ್ನಗಂಧಿ ನಮ್ಮ ಚಿತ್ರದುರ್ಗದಲ್ಲಿ ಎಷ್ಟೋ ಮನೆಗಳ ಬೇಲಿಯಲ್ಲಿದೆ. ಅಚ್ಚ ಹಳದಿಯದು ಮಾತ್ರ ಅಪರೂಪ. ಬಾರ್ಬಡೋಸ್ ದೇಶದವರು ರಾಷ್ಟ್ರಪುಷ್ಪವೆಂದು ಮೆರೆಸುವ ಈ ಗಿಡದ ಬೀಜವನ್ನು ಕೇಳಿದವರಿಗೆಲ್ಲ ಕೊಡುತ್ತೇನೆ. ಅವರೋ ಅದನ್ನು ಹಾಗೆಯೇ ಕುಂಡದಲ್ಲಿ ಹೂತು, ದಿನಕ್ಕೆರಡು ಬಾರಿ ನೀರು ಸುರಿದು, ತಿಂಗಳಾದ ಮೇಲೆ ಬಂದು “ಅಜ್ಜಿ, ನಿಮ್ಮ ಬೀಜ ಜೊಳ್ಳು” ಎನ್ನುತ್ತಾರೆ. ಬೀಜ ಜೊಳ್ಳಲ್ಲ, ನಿಮಗೆ ತಾಳ್ಮೆಯಿಲ್ಲ.

ಕಾಯಿ ಗಿಡದಲ್ಲೇ ಕಂದುಬಣ್ಣಕ್ಕೆ ತಿರುಗಬೇಕು. ಪೂರ್ತಿ ಒಣಗಿದರೆ ಸಿಡಿದು ಬೀಜವೆಲ್ಲ ಚೆಲ್ಲಿಹೋಗುವುದರಿಂದ ಮೊದಲೇ ತೆಳುಬಟ್ಟೆ ಕಟ್ಟಿರಿ. ಕಿತ್ತ ಕಾಯಿಯನ್ನು ನೆರಳಿನಲ್ಲಿ ಒಣಗಿಸಿರಿ.

ಈ ಬೀಜದ ಸಿಪ್ಪೆ ಬಲು ಗಟ್ಟಿ, ನೀರು ಸುಲಭವಾಗಿ ಒಳಗಿಳಿಯುವುದಿಲ್ಲ. ನಮ್ಮ ಅತ್ತೆಯವರು ಗಂಧ ತೇಯುವ ಸಾಣೆಕಲ್ಲನ್ನು ಇದಕ್ಕೆ ಮುಟ್ಟಗೊಡದೆ, ಬಿರುಕುಬಿಟ್ಟ ಇನ್ನೊಂದನ್ನು ಹಿತ್ತಿಲ ಕಟ್ಟೆಯ ಮೇಲೆ ಬೀಜಕ್ಕೆಂದೇ ಇಟ್ಟಿದ್ದರು. ನಾನು ಮದುವೆಯಾಗಿ ಬಂದ ವರ್ಷ ಅದರ ಮುಂದೆ ಕೂರಿಸಿ, ನನ್ನ ಬೆರಳನ್ನು ಹಿಡಿದು ಉಜ್ಜಿಸಿ ಕಲಿಸಿದರು. ಬೀಜ ಕಾಯಿಗೆ ಅಂಟಿಕೊಂಡಿದ್ದ ಕಡೆ ಸಣ್ಣದೊಂದು ಗುರುತಿರುತ್ತದೆ, ಅದೇ ಅದರ ಕಣ್ಣು. ಬೇರು ಹೊರಡುವುದು ಅದರ ಪಕ್ಕದಿಂದ, ಅಲ್ಲಿ ಉಜ್ಜಿದರೆ ಮೊಳಕೆಯೇ ಸಾಯುತ್ತದೆ. ಕಣ್ಣಿಗೆ ಎದುರಾದ ಅಂಚನ್ನು ಒಣಕಲ್ಲಿನ ಮೇಲೆ ಹಗುರವಾಗಿ ಉಜ್ಜುತ್ತ, ನಾಲ್ಕೈದು ಸಲಕ್ಕೊಮ್ಮೆ ಬೆಳಕಿಗೆ ಹಿಡಿದು ನೋಡಿ, ಕಂದುಸಿಪ್ಪೆ ಸವೆದು ಒಳಗಿನ ಮಾಸಲು ಬಿಳುಪು ಅಕ್ಕಿನುಚ್ಚಿನಷ್ಟು ಕಂಡೊಡನೆ ಕೈ ನಿಲ್ಲಿಸಿರಿ. ರಾತ್ರಿ ಉಗುರುಬೆಚ್ಚನೆಯ ನೀರಿನಲ್ಲಿ ನೆನೆಹಾಕಿದರೆ ಬೆಳಗ್ಗೆ ದಪ್ಪಗೆ ಉಬ್ಬಿರುತ್ತದೆ. ಉಬ್ಬದಿರುವುದನ್ನು ಎಸೆಯಬೇಡಿ, ಒರೆಸಿ ಮತ್ತೊಮ್ಮೆ ಉಜ್ಜಿ ನೆನೆಹಾಕಿರಿ. ಬೀಜ ವಿಷಕಾರಿ, ಮಕ್ಕಳ ಕೈಗೆ ಸಿಗದಂತೆ ಇಡಿ.

ಭರಣಿ ಮಳೆ ಬಿದ್ದು ನೆಲ ತಣಿದ ಮೇಲೆ ಬಿತ್ತಿರಿ. ಕೆಂಪುಮಣ್ಣಿಗೆ ಒಂದಿಷ್ಟು ಮರಳು, ಹಳೆಯ ಸಗಣಿಗೊಬ್ಬರ ಸಾಕು. ಎರೆಮಣ್ಣಾದರೆ ಮರಳು ಕೈತುಂಬ ಇರಲಿ. ಬೀಜದ ಮೇಲೆ ಅರ್ಧ ಬೆರಳ ಗೆಣ್ಣಿನಷ್ಟು ಮಣ್ಣು ಮುಚ್ಚಿದರೆ ವಾರ ಹತ್ತು ದಿನಗಳಲ್ಲಿ ಮೊಳೆಯುತ್ತದೆ. ತಾಯಿಬೇರು ಆಳಕ್ಕಿಳಿಯುವುದರಿಂದ ಉದ್ದನೆಯ ಚೀಲವೇ ಬೇಕು, ನೆಡುವಾಗ ಮಣ್ಣಿನ ಹೆಂಟೆ ಒಡೆಯಬಾರದು.

ಹತ್ತಿರದಲ್ಲಿ ಕೆಂಪು ಗಿಡವಿದ್ದರೆ ಚಿಟ್ಟೆಗಳು ಪರಾಗ ಬೆರೆಸುತ್ತವೆ, ಮುಂದಿನ ಸಸಿ ಹಳದಿ ಹೂವನ್ನೇ ಬಿಡುತ್ತದೆಂಬ ಭರವಸೆಯಿಲ್ಲ. ಅಂಥವರು ಬೀಜವನ್ನು ನನ್ನಲ್ಲಿಗೇ ಬಂದು ಒಯ್ಯಿರಿ, ಉಜ್ಜುವುದನ್ನು ಎದುರಿಗೇ ಕೂರಿಸಿ ತೋರಿಸುತ್ತೇನೆ.